ಆರನೇ ಉತ್ತರ

ಆ ಸೋಮವಾರ ಕಾಕಾ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಅವರ ರೇನ್‌ಕೋಟಿನಿಂದ ಇಳಿದ ನೀರು ಬಾಗಿಲ ಬಳಿ ಹರಡಿ ನಿಂತಿತು. ಅದನ್ನು ನೋಡಿ ಅವರೇ ನಾಚಿಕೊಂಡರು. ಮೂಲೆಯಲ್ಲಿದ್ದ ಬಟ್ಟೆ ತಂದು, ಕುಕ್ಕುರುಗಾಲಲ್ಲಿ ಕೂತು ಒರೆಸತೊಡಗಿದರು.

"ಬಿಡ್ರಿ ಕಾಕಾ, ಸಾವಕ್ಕ ಒರಸ್ತಾಳ," ಅಂದೆ.

"ಆಕಿ ಮುಂಜಾನೆ ಒಮ್ಮೆ ಒರಸ್ಯಾಳ ಬಾಳಾ. ಈ ನೀರು ಆಕಿದಲ್ಲ, ನಂದು," ಅಂದರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ ನೇಮಣ್ಣ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡರು, ಅದಕ್ಕೂ ಮೊದಲೇ ಅವ್ವ ಹೋಗಿದ್ದಳು. ಆಮೇಲೆ ಖಾನಾಪುರದಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು ನನ್ನನ್ನು ಸಾಕಿದರು. ಮಗು ಎನ್ನುವ ಬದಲು ಕಾಕಾ ನನ್ನನ್ನು 'ಬಾಳಾ' ಎನ್ನುತ್ತಿದ್ದರು. ಬೆಳಗಾವಿಯ ಉದ್ಯಮಬಾಗಿನ ಒಂದು ಪಂಪಿನ ಕಂಪನಿಯಲ್ಲಿ ಕಾಕಾ ಇಪ್ಪತ್ತಾರು ವರ್ಷ ದುಡಿದಿದ್ದರು. ಮನೆ ಬಾವಿಗೆ, ಸಣ್ಣ ತೋಟಕ್ಕೆ ಹಾಕುವ ಪಂಪು ಮಾಡುವ ಕಂಪನಿ ಅದು. ಖಾನಾಪುರ ತಾಲೂಕಿನಲ್ಲಿ ಪಂಪು ಕೆಟ್ಟರೆ ಹೋಗುವವರು ಇಬ್ಬರು. ಅವರಲ್ಲಿ ಕಾಕಾ ಒಬ್ಬರು. ಬೀಡಿ ಊರಿನಿಂದ ಕಣಕುಂಬಿಯವರೆಗೆ ಅವರು ಬಿಚ್ಚದ ಪಂಪು ಕಡಿಮೆ. ಸೋಮವಾರಕ್ಕೊಮ್ಮೆ ಬಿಡಿಭಾಗ ಒಯ್ಯಲು ಬೆಳಗಾವಿಗೆ ಬರುತ್ತಿದ್ದರು. ನಾನು ಮದುವೆಯಾಗಿ ಬೆಳಗಾವಿಯ ಶಹಾಪುರಕ್ಕೆ ಬಂದ ಮೇಲೆ ಮಾಲಕರ ಹತ್ತಿರ ಮಾತಾಡಿ ಅದೇ ಕಂಪನಿಯಲ್ಲಿ ನನಗೆ ಕೆಲಸ ಕೊಡಿಸಿದವರೂ ಅವರೇ.

ಬಟ್ಟೆ ಹಿಂಡಿಟ್ಟು ಬಂದು ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. "ಇವತ್ತ ಮಂದಿ ಏನ ಬೈದಾರ?" ಎಂದು ಕೇಳಿದರು. ಇದು ಅವರ ಸೋಮವಾರದ ಪ್ರಶ್ನೆ.

ನನ್ನ ಕೆಲಸವೇ ಅದು. ಫೇಸ್‌ಬುಕ್ಕಿನಲ್ಲಿ ಕಂಪನಿಯ ಪೇಜಿಗೆ ಜನ ಬರೆದ ದೂರುಗಳನ್ನು ನೋಡಿ ಉತ್ತರ ಹಾಕುವುದು. ಕಂಪ್ಯೂಟರಿನ ಪಕ್ಕ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ಏಳು ಸಿದ್ಧ ಉತ್ತರಗಳೂ ಕೆಲವು ನಿಯಮಗಳೂ ಇದ್ದವು. ನನ್ನ ಮೇಲಿನವರಾದ ಪ್ರಸಾದ್ ಸರ್ ಪುಣೆಯಲ್ಲಿ ತರಬೇತಿ ಮುಗಿಸಿ ಬಂದು ಮಾಡಿದ ಹಾಳೆ. ಒಂದು ಗಂಟೆಯೊಳಗೆ ಉತ್ತರ ಹೋಗಬೇಕು. ವಾದ ಮಾಡಬಾರದು. ಮೊದಲು ಕ್ಷಮೆ ಕೇಳಿ, ನಿಮ್ಮ ನಂಬರ್ ಇನ್‌ಬಾಕ್ಸಿಗೆ ಹಾಕಿ ಎಂದು ಹೇಳಿ ಮಾತನ್ನು ನಾಲ್ಕು ಜನರ ಕಣ್ಣಿನಿಂದ ಆಚೆ ಒಯ್ಯಬೇಕು. ಹೊಲಸು ಬೈದವರ ಸಾಲನ್ನು ಅಳಿಸಬಾರದು, ಮರೆ ಮಾಡಬೇಕು. ಅಳಿಸಿದರೆ ಅವರಿಗೆ ತಿಳಿದುಹೋಗಿ ಇನ್ನೂ ಹತ್ತು ಕಡೆ ಬರೆಯುತ್ತಾರೆ. ಮರೆ ಮಾಡಿದರೆ, ಬರೆದವರಿಗೂ ಅವರ ಗೆಳೆಯರಿಗೂ ಅದು ಕಾಣುತ್ತಲೇ ಇರುತ್ತದೆ, ಉಳಿದ ಯಾರಿಗೂ ಕಾಣುವುದಿಲ್ಲ. ತಾನು ಹೇಳಿದ್ದು ಲೋಕಕ್ಕೆ ಕೇಳಿಸಿತು ಎಂದು ಆ ಮನುಷ್ಯ ಸುಮ್ಮನಾಗುತ್ತಾನೆ. ಈ ಉಪಾಯ ಕಲಿತ ದಿನ ಮನೆಗೆ ಹೋಗಿ ಯಜಮಾನರ ಮುಂದೆ ನಗುತ್ತ ಹೇಳಿದ್ದೆ.

ಕಾಕಾ ಕನ್ನಡಕ ಹಾಕಿಕೊಂಡು ಹಾಳೆಯ ಮೊದಲನೇ ಉತ್ತರವನ್ನು ಸಾಲೆಯ ಹುಡುಗನ ಹಾಗೆ ಜೋರಾಗಿ ಓದಿದರು. "ನಿಮಗಾದ ಅನಾನುಕೂಲಕ್ಕೆ ಹೃದಯಪೂರ್ವಕ ಕ್ಷಮೆ ಕೋರುತ್ತೇವೆ. ಇದು ಯಾರಿಗೆ?"

"ಯಾರ ಬರದ್ರೂ ಅವ್ರಿಗೆ."

"ಏನ ತಪ್ಪಾಗೇತಿ ಅಂತ ನೋಡಂಗಿಲ್ಲೇನು?"

"ಆಮ್ಯಾಲೆ ನೋಡ್ತೀವ್ರಿ."

"ಛಲೋ ಐತಿ. ನಾ ಪಂಪ್ ಬಿಚ್ಚಿ ಆಮ್ಯಾಲೆ ತಪ್ಪು ಹುಡಕಾಂವ. ನೀವು ಬಿಚ್ಚೂಕಿಂತ ಮದ್ಲ ಕ್ಷಮಾ ಕೇಳಿ ಕೈ ತೊಳಕೊಂತೀರಿ. ನಮ್ಮ ಬಸದಿ ಪಂಡಿತರೂ ಇಷ್ಟು ಸಸಾರ ಮಾಡಿಲ್ಲ ಬಿಡು."

ನಾನು ನಕ್ಕೆ. ಅವರು ಎರಡನೇ ಉತ್ತರ, ಮೂರನೇ ಉತ್ತರ ಓದಿದರು. ಐದನೆಯದಕ್ಕೆ ಬರುವಾಗ ಸಾವಕ್ಕ ಚಹಾ ತಂದಳು. ಚಹಾಕ್ಕೆ ಜಾಗ ಮಾಡುವ ನೆವದಲ್ಲಿ ನಾನು ಮೇಜಿನ ಮೇಲಿನ ಕ್ಯಾಲೆಂಡರನ್ನು ಎತ್ತಿ ಹಾಳೆಯ ಕೆಳಭಾಗಕ್ಕೆ ಅಡ್ಡ ನಿಲ್ಲಿಸಿದೆ. ಆರನೆಯದನ್ನು ಅವರು ಓದುವುದು ನನಗೆ ಬೇಡವಾಗಿತ್ತು. ಅದು ಅವರಂಥವರ ಬಗ್ಗೆ ಇತ್ತು.

ಆರನೇ ಉತ್ತರ ಹೀಗಿತ್ತು: "ನಿಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸಂಬಂಧಪಟ್ಟ ಸಿಬ್ಬಂದಿಯನ್ನು ತಕ್ಷಣ ಕೆಲಸದಿಂದ ತೆಗೆದುಹಾಕಲಾಗಿದೆ." ದೂರು ಬೆಳೆದು ಜನ ಹಂಚಿಕೊಳ್ಳತೊಡಗಿದಾಗ ಹಾಕಲು ಇಟ್ಟಿದ್ದು. ಅದು ಬರೀ ಮಾತು. ಕಂಪನಿ ಯಾರನ್ನೂ ತೆಗೆದಿರಲಿಲ್ಲ. ನಾನೇ ಅಲ್ಲಿಯವರೆಗೆ ನಾಲ್ಕು ಸಲ ಹಾಕಿದ್ದೆ. ಜನರ ಸಿಟ್ಟು ಒಂದು ತಲೆ ಕೇಳುತ್ತದೆ, ಇಲ್ಲದ ಮನುಷ್ಯನ ತಲೆ ಕೊಟ್ಟರೆ ಯಾರಿಗೂ ಲುಕ್ಸಾನಿಲ್ಲ ಎಂದು ಪ್ರಸಾದ್ ಸರ್ ಹೇಳುತ್ತಿದ್ದರು. ನನಗೂ ಅದು ಜಾಣತನ ಅನ್ನಿಸಿತ್ತು.

ಕಾಕಾ ಚಹಾ ಕುಡಿದು ಎದ್ದರು. "ಐತಾರ ಬರ್ರಿ ಇಬ್ಬರೂ. ನಿಮ್ಮ ಕಾಕು ಶ್ಯಾವಿಗಿ ಬಸೀತೇನಿ ಅಂದಾಳ," ಅಂದರು. ಕೆಳಗೆ ಅವರ ಗಾಡಿ ಮೂರು ಸಲ ಒದ್ದ ಮೇಲೆ ಶುರುವಾಯಿತು. ನಾನು ಕ್ಯಾಲೆಂಡರನ್ನು ಮೊದಲಿನ ಜಾಗಕ್ಕೆ ಇಟ್ಟೆ.

ಆ ವರ್ಷವನ್ನು ನೆನೆಯಬಾರದು ಎಂದು ಬಹಳ ಪ್ರಯತ್ನಪಟ್ಟಿದ್ದೇನೆ. ಆದರೆ ಈ ಮಳೆಗಾಲದಲ್ಲಿ ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ನಡೆಯುತ್ತಿದ್ದಾಗ ಮೋಟಾರು ವೈಂಡಿಂಗ್ ಮಾಡುವ ಒಂದು ಅಂಗಡಿಯಿಂದ ವಾರ್ನಿಶ್ ವಾಸನೆ ಬಂತು. ತಾಮ್ರದ ತಂತಿ ಸುತ್ತಿದ ಮೇಲೆ ಅದರ ಮೇಲೆ ಹೊಯ್ದು ಒಣಗಿಸುವ ವಾರ್ನಿಶ್. ಕಾಕಾನ ಅಂಗಿಗಳಿಗೆಲ್ಲ ಅದೇ ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಕಾಕು ಬೈಯುತ್ತಿದ್ದರು. ಆ ಅಂಗಡಿಯ ಮುಂದೆ ಛತ್ರಿ ಹಿಡಿದು ನಿಂತಲ್ಲೇ ನಿಂತೆ. ಅಂಗಡಿಯವ ಎರಡು ಸಲ "ಏನ ಬೇಕಾಗಿತ್ರಿ ಅಕ್ಕಾರ?" ಎಂದು ಕೇಳಿದ. ಏನಿಲ್ಲ ಎಂದು ಹೇಳಿ ಮುಂದೆ ನಡೆದೆ.

ಕಳೆದ ವರ್ಷ ಆ ಸೋಮವಾರದ ಮರುದಿನದಿಂದಲೇ ಮಳೆ ಜೋರಾಯಿತು. ಬೆಳಗಾವಿಯಲ್ಲಿ ಗಟಾರು ತುಂಬಿ ರಸ್ತೆಗೆ ಬಂದರೆ ದೊಡ್ಡ ಸುದ್ದಿ. ನಮ್ಮ ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಹಾಗಲ್ಲ. ಅಲ್ಲಿ ಮಳೆ ಬಂದರೆ ಎರಡು ಮೂರು ದಿನ ಎದುರಿನ ಗುಡ್ಡ ಕಾಣುವುದಿಲ್ಲ. ಭತ್ತದ ಗದ್ದೆ, ದಾರಿ, ಹಳ್ಳ ಎಲ್ಲ ಒಂದೇ ಬಣ್ಣವಾಗುತ್ತವೆ.

ಗುರುವಾರ ಮಧ್ಯಾಹ್ನ ನಮ್ಮ ಪೇಜಿಗೆ ಒಂದು ದೂರು ಬಂತು. ಬರೆದವರು ಜಾಂಬೋಟಿ ಹತ್ತಿರದ ಒಂದು ಹಳ್ಳಿಯ ಶೇವಂತಾಬಾಯಿ. ಅರ್ಧ ಕನ್ನಡ, ಅರ್ಧ ಮರಾಠಿ. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಮನೆ ತುಂಬ ಬೀಗರು ಬಂದಿದ್ದಾರೆ, ಬಾವಿಯ ಪಂಪು ಕೆಟ್ಟಿದೆ. ನಿಮ್ಮ ಮನುಷ್ಯ ಮಂಗಳವಾರ ಬಂದು ಪಂಪು ಬಿಚ್ಚಿ ಹರವಿ ಇಟ್ಟ. ಒಂದು ಸಾಮಾನು ಇಲ್ಲ, ನಾಳೆ ತರುತ್ತೇನೆ ಎಂದ. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು ಎಂದು ಹೇಳಿ ಹೋದವನು ಎರಡು ದಿನವಾದರೂ ಬಂದಿಲ್ಲ. ಬಾಣಂತಿಗೆ ಹೊಂಡದ ನೀರು ಕಾಯಿಸಿ ಕೊಡುತ್ತಿದ್ದೇವೆ. ಇದು ಯಾವ ಕಂಪನಿ, ಇವನ ಊಟ ದೊಡ್ಡದೋ ನಮ್ಮ ಕೂಸು ದೊಡ್ಡದೋ, ಎಂದು ಬರೆದಿದ್ದರು. ಜೊತೆಗೆ ಎರಡು ಫೋಟೋ. ಒಂದರಲ್ಲಿ ಗೋಣಿತಟ್ಟಿನ ಮೇಲೆ ಬಿಚ್ಚಿಟ್ಟ ಪಂಪು. ಇನ್ನೊಂದರಲ್ಲಿ ಮಳೆಯಲ್ಲಿ ಗಾಡಿಯ ಕಡೆಗೆ ಹೋಗುತ್ತಿರುವ ಒಬ್ಬ ಮನುಷ್ಯನ ಬೆನ್ನು. ಹಳದಿ ರೇನ್‌ಕೋಟು, ಬೆನ್ನ ಮೇಲೆ ನಮ್ಮ ಕಂಪನಿಯ ಹೆಸರು.

ಆ ರೇನ್‌ಕೋಟು ಇಬ್ಬರಿಗೂ ಕೊಟ್ಟಿದ್ದರು. ಆದರೆ ಎಡ ಭುಜ ಸ್ವಲ್ಪ ಕೆಳಗಿತ್ತು. ವರ್ಷಗಟ್ಟಲೆ ಆ ಭುಜಕ್ಕೆ ಬೋಲ್ಟು ಬಿಚ್ಚುವ ಪಾನಾ ತುಂಬಿದ ಚೀಲ ತೂಗಿ ಹಾಗಾಗಿತ್ತು. ಅದೇ ಭುಜದ ಮೇಲೆ ಕೂತು ನಾನು ಮಲಪ್ರಭೆಯ ನೆರೆ ನೋಡಲು ಹೋಗುತ್ತಿದ್ದೆ.

ಊಟದ ಮಾತೂ ಕಾಕಾನದೇ. ನಾವು ಜೈನರು. ಕಾಕಾ ವರ್ಷದ ಎಲ್ಲ ದಿನವೂ ಸೂರ್ಯ ಮುಳುಗುವ ಮೊದಲು ಉಂಡು ಮುಗಿಸುವವರು. ಚಾತುರ್ಮಾಸದಲ್ಲಿ ನಮ್ಮವರ ಮನೆ ಬಿಟ್ಟು ಹೊರಗೆ ಅನ್ನ ಮುಟ್ಟುತ್ತಿರಲಿಲ್ಲ. ಖಾನಾಪುರದ ಹಳೆಯ ಗಿರಾಕಿಗಳಿಗೆ ಇದು ಗೊತ್ತು. ಶೇವಂತಾಬಾಯಿಗೆ ಗೊತ್ತಿರಲಿಲ್ಲ.

ನಾನು ಕಾಕಾಗೆ ಫೋನ್ ಮಾಡಿದೆ. ಹತ್ತಲಿಲ್ಲ. ಆ ಕಡೆ ಮಳೆಯಲ್ಲಿ ಟವರು ಇರುವುದಿಲ್ಲ. ಒಂದೇ ಸಲ ಮಾಡಿದೆ. ಅಷ್ಟರಲ್ಲಿ ದೂರನ್ನು ನೂರಾರು ಜನ ಹಂಚಿಕೊಂಡಿದ್ದರು. ಪ್ರಸಾದ್ ಸರ್ ಬಂದು ನನ್ನ ಹಿಂದೆ ನಿಂತರು.

"ಇವ್ರು ಯಾರು? ನಿಮ್ಮ ಕಾಕಾ ಅಲ್ಲಲಾ?"

ನಾನು ಪರದೆ ನೋಡುತ್ತಲೇ ಹೇಳಿದೆ: "ಅಲ್ಲ ಅನಸ್ತದ ಸರ್. ಇನ್ನೊಬ್ರು ಇರಬೇಕು."

ಯಾಕೆ ಹಾಗೆ ಹೇಳಿದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಮುಂದಿನ ವಾರ ನನ್ನ ಕೆಲಸ ಕಾಯಂ ಆಗುವುದಿತ್ತು. ಆಫೀಸಿನಲ್ಲಿ ನನ್ನನ್ನು "ನೇಮಣ್ಣನ ವಶೀಲಿ" ಎಂದು ಚಾಷ್ಟಿ ಮಾಡುತ್ತಿದ್ದರು. ಆ ಬೆನ್ನು ನಮ್ಮ ಮನೆಯದು ಎಂದು ಆ ಹೊತ್ತಿನಲ್ಲಿ ಹೇಳಲು ನಾಚಿಕೆಯಾಯಿತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಕ್ಕಿಲ್ಲ.

"ಅಲ್ಲಂದ್ರ ಛಲೋ ಆತು," ಅಂದರು ಪ್ರಸಾದ್ ಸರ್. "ನಿಮ್ಮ ಕಾಕಾ ಆಗಿದ್ರ ವಿಚಾರ ಮಾಡಬೇಕಾಗಿತ್ತು. ಆರನೇದು ಹಾಕ್ರಿ. ಬರೇ ಉತ್ತರ ಸಾಲಂಗಿಲ್ಲ, ಬ್ಯಾರೆ ಪೋಸ್ಟ್ ಮಾಡ್ರಿ. ಆಕಿ ಹಾಕಿದ ಫೋಟೋನೂ ಹಚ್ರಿ."

ನಾನು ಹಚ್ಚಿದೆ. ಮೇಲೆ ಕಾಕಾನ ಬೆನ್ನು, ಕೆಳಗೆ ಆರನೇ ಉತ್ತರ. ಪೋಸ್ಟ್ ಒತ್ತುವಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ಐತವಾರ ಶ್ಯಾವಿಗೆ ತಿನ್ನುತ್ತ ಕಾಕಾಗೆ ಎಲ್ಲ ಹೇಳಿದರಾಯಿತು, ಅವರೂ ನಕ್ಕುಬಿಡುತ್ತಾರೆ ಅಂದುಕೊಂಡೆ.

ಐತವಾರದವರೆಗೆ ಯಾರೂ ಕಾಯಲಿಲ್ಲ. ಸಂಜೆಯೊಳಗೆ ಆ ಪೋಸ್ಟು ಖಾನಾಪುರದ ವಾಟ್ಸಾಪ್ ಗುಂಪುಗಳಲ್ಲಿ ತಿರುಗಿತು. ಕೆಳಗೆ ಯಾರೋ "ಇವ್ರು ನಮ್ಮ ನೇಮಣ್ಣ ಅಲ್ಲೇನ?" ಎಂದು ಬರೆದರು. ಇನ್ನೊಬ್ಬರು ಹೌದೆಂದರು. ಮರುದಿನ ಮುಂಜಾನೆ ಸಾವಕ್ಕ ಮೇಲೆ ಬಂದು, "ನಿಮ್ಮ ಕಾಕಾ ಬಂದು ಸ್ಟೋರಿನ್ಯಾಗ ಚೀಲ ಇಟ್ಟು ಹೋದ್ರು ನೋಡ್ರಿ. ಅಂಗಿ, ರೇನ್‌ಕೋಟ್ ಎಲ್ಲಾ ಮಡಚಿ ಇಟ್ಟಾರ. ಕರದ್ರ ಹೊಳ್ಳಿ ನೋಡ್ಲಿಲ್ಲ," ಅಂದಳು.

ಓಡಿ ಇಳಿದೆ. ಕಾಕಾ ಬಸ್‌ಸ್ಟಾಪಿನ ತಗಡಿನ ಕೆಳಗೆ ನಿಂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಗಾಡಿಯನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದರು. ಮಳೆಯಲ್ಲಿ ಯಾಕೆ ಓಡಿ ಬಂದೆ ಎಂದು ನನ್ನನ್ನೇ ಗದರಿದರು.

"ಬುಧವಾರ ಹೋಗಿದ್ನಿ ಬಾಳಾ," ಅಂದರು. ನಾನು ಕೇಳಿರಲಿಲ್ಲ. "ಪಂಪಿನ ಸೀಲ್ ತಗೊಂಡು ಹೋಗಿದ್ನಿ. ಸಣ್ಣ ಸೇತುವಿ ಮ್ಯಾಲೆ ಎದಿಮಟ ನೀರು. ನಿನ್ನೇನೂ ಹೋದ್ನಿ, ಇಳದಿರಲಿಲ್ಲ. ಫೋನ್ ಹತ್ತಲಿಲ್ಲ. ಆಕೀದು ತಪ್ಪಿಲ್ಲ. ಕೂಸಿನ ಮನಿ."

ಛತ್ರಿಯ ನೀರು ಜಾಡಿಸಿ ಮತ್ತೆ ಅಂದರು: "ಮಾಲಕರು ಒಂದು ಫೋನ್ ಮಾಡಬಹುದಾಗಿತ್ತು. ಇಪ್ಪತ್ತಾರು ವರ್ಷ ಆತು. ಮಂದಿ ಫೋನಿನಾಗ ನೋಡಿ ತಿಳಕೊಳ್ಳೂ ಹಂಗ ಆತು. ಇರ್ಲಿ. ನೀ ನನ್ನ ಸಲುವಾಗಿ ಅಲ್ಲಿ ಯಾರ ಕೂಡನೂ ಜಗಳಾ ತಗೀಬ್ಯಾಡ. ನಿನ್ನ ಕೆಲಸ ನೀ ನೋಡ್ಕೊ."

ಅದನ್ನು ಮಾಲಕರೇ ಬರೆಸಿದ್ದು ಎಂದು ಕಾಕಾ ತಿಳಿದಿದ್ದರು. ನಾನು "ಕಾಕಾ, ಅದು..." ಎಂದೆ. ಬಸ್ಸು ಬಂತು, ಅವರು ಹತ್ತಿದರು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ನಾವಿಬ್ಬರೂ ಎದುರಿನ ಫೌಂಡ್ರಿಯ ಗೇಟು ನೋಡುತ್ತ ನಿಂತಿದ್ದೆವು. ಆರನೇ ಉತ್ತರ ಸುಳ್ಳು, ನಿಮ್ಮನ್ನು ಯಾರೂ ತೆಗೆದಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ, ಬರೆದವರು ಯಾರು ಎಂಬುದನ್ನೂ ಹೇಳಬೇಕಿತ್ತು.

ಮೇಲೆ ಬಂದು ಪ್ರಸಾದ್ ಸರ್‌ಗೆ ಅದು ಕಾಕಾನೇ ಎಂದು ಹೇಳಿದೆ. ಅವರ ಮುಖ ಒಂದು ಕ್ಷಣ ಸಣ್ಣದಾಯಿತು. "ನೀವು ಅಲ್ಲ ಅಂದ್ರೆಲಾ," ಎಂದರು. ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು: "ಈಗ ಅದನ್ನ ತಗದ್ರ ಮಂದಿ ಮತ್ತ ಕೇಳ್ತಾರ. ಅವ್ರಿಗೂ ವಯಸ್ಸಾಗಿತ್ತು. ತಾವ ಬಿಟ್ಟು ಹೋಗ್ಯಾರ. ಆರನೇದು ಒಮ್ಮೆರ ಖರೇ ಆತು ತಿಳ್ಕೊರಿ." ಅವರು ಕೆಟ್ಟವರಲ್ಲ. ಮಾಲಕರಿಗೆ ನೇಮಣ್ಣ ತಾವಾಗಿ ಬಿಟ್ಟರು ಎಂದು ತಿಳಿಸಿದರು. ಮುಂದಿನ ವಾರ ನನ್ನ ಕೆಲಸ ಕಾಯಂ ಆಯಿತು.

ಹತ್ತು ದಿನದ ಮೇಲೆ ಶೇವಂತಾಬಾಯಿಯಿಂದ ಇನ್‌ಬಾಕ್ಸಿಗೆ ಒಂದು ಸಂದೇಶ ಬಂತು. ನೀರು ಇಳಿದ ದಿನವೇ ನಿಮ್ಮ ಮನುಷ್ಯ ಬಂದರು, ಸೇತುವೆಯ ಈಚೆ ಬಸ್ಸಿಳಿದು ಮೂರು ಮೈಲು ನಡೆದು ಬಂದರು, ಪಂಪು ಸರಿಮಾಡಿದರು, ಚಹಾ ಕೂಡ ಕುಡಿಯಲಿಲ್ಲ. ಕೆಲಸ ಹೋದ ಮೇಲೆ ಯಾಕೆ ಬಂದಿರಿ ಎಂದು ಕೇಳಿದರೆ, ಬಿಚ್ಚಿದವನು ನಾನು, ಕೂಡಿಸುವವನೂ ನಾನೇ ಎಂದರು. ನನ್ನಿಂದ ತಪ್ಪಾಗಿದೆ, ನನ್ನ ದೂರು ತೆಗೆದಿದ್ದೇನೆ, ದಯವಿಟ್ಟು ನೀವೂ ನಿಮ್ಮದನ್ನು ತೆಗೆದು ಅವರನ್ನು ಮತ್ತೆ ಕೆಲಸಕ್ಕೆ ಕರೆಯಿರಿ.

ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಹಾಳೆಯ ಎರಡನೇ ಉತ್ತರ ಹಾಕಿದೆ. "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು." ಪಕ್ಕದಲ್ಲಿ 'ಮುಗಿದಿದೆ' ಎಂದು ಗುರುತು ಹಾಕಿದೆ.

ಶ್ರಾವಣದಲ್ಲಿ ಖಾನಾಪುರಕ್ಕೆ ಹೋದಾಗ ಕಾಕಾ ಪಡಸಾಲೆಯಲ್ಲಿ ಕೂತು ಬಾಜು ಮನೆಯವರ ಫ್ಯಾನು ಬಿಚ್ಚಿದ್ದರು. ಹಳ್ಳಿಗಳಿಂದ ಬರುವ ಫೋನುಗಳು ನಿಂತಿದ್ದವು. ಕಂಪನಿ ಹೊರಗೆ ಹಾಕಿದ ಮನುಷ್ಯನ ಕೈಗೆ ಯಾರು ಬಾವಿಯ ಪಂಪು ಕೊಡುತ್ತಾರೆ? ಬಾಜಾರಿಗೆ ಹೋದರೆ, "ಏನ ನೇಮಣ್ಣಾ, ಊಟಾ ಆತೇನು?" ಎಂದು ನಗುವವರೂ ಇದ್ದರು ಎಂದು ಕಾಕು ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದರು. "ಹೊತ್ತು ಮುಳಗೂದ್ರೊಳಗ ಉಣ್ಣೂದು ಒಂದು ಗುನ್ಹೆ ಆತು ನೋಡು ಇವ್ರಿಗೆ." ಆವತ್ತೂ ನಾನು ಹೇಳಲಿಲ್ಲ. ಶ್ಯಾವಿಗೆ ತಿಂದು ಬಂದೆ.

ಭಾದ್ರಪದದಲ್ಲಿ ನಮ್ಮಲ್ಲಿ ಹತ್ತು ದಿನದ ಪರ್ವ. ಅದು ಮುಗಿದ ಮೇಲೆ ಕ್ಷಮಾವಣಿ. ಅಂದು ಒಬ್ಬರ ಮನೆಗೆ ಒಬ್ಬರು ಹೋಗಿ, ಸಣ್ಣವರು ದೊಡ್ಡವರು ಎನ್ನದೆ ಕೈಮುಗಿದು, ತಿಳಿದೋ ತಿಳಿಯದೆಯೋ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳುತ್ತೇವೆ. ಸಣ್ಣವಳಿದ್ದಾಗ ಕಾಕಾ ನನಗೆ ಬರೀ ಅಷ್ಟು ಹೇಳಲು ಬಿಡುತ್ತಿರಲಿಲ್ಲ. ಬಾಜು ಮನೆಯ ಪೇರಲ ಗಿಡದ ಟೊಂಗೆ ಮುರಿದ ವರ್ಷ ಕೈಹಿಡಿದು ಅವರ ಬಾಗಿಲಿಗೆ ಒಯ್ದಿದ್ದರು. "ಟೊಂಗಿ ಮುರದಾಕಿ ನಾನು ಅಂತ ಮದ್ಲ ಹೇಳು. ಆಮ್ಯಾಲೆ ಕ್ಷಮಾ ಕೇಳು. ಹೆಸರಿಲ್ಲದ ತಪ್ಪಿಗೆ ಕ್ಷಮಾ ಇಲ್ಲ."

ಕಳೆದ ವರ್ಷದ ಕ್ಷಮಾವಣಿಯ ಮಧ್ಯಾಹ್ನ ಕಾಕಾ, ಕಾಕು ಶಹಾಪುರದ ನಮ್ಮ ಮನೆಗೆ ಬಂದರು. ನಾನು ಅವರ ಕಾಲಿಗೆ ಬಾಗುವ ಮೊದಲೇ ಕಾಕಾ ಕೈಮುಗಿದು ನಿಂತರು.

"ಉತ್ತಮ ಕ್ಷಮಾ ಬಾಳಾ. ಜಾಂಬೋಟಿ ಕಡಿ ಕೆಲಸ ಅರ್ಧಕ್ಕ ಬಿಟ್ಟು ಎದ್ದಾಂವ ನಾನು. ಅದರಿಂದ ಆಫೀಸಿನ್ಯಾಗ ನಿನ್ನ ತಲಿ ತಗ್ಗಿತು. ಮನಸಿನ್ಯಾಗ ಇಟ್ಕೋಬ್ಯಾಡ."

ಅವರು ತಮ್ಮ ತಪ್ಪಿನ ಹೆಸರು ಹೇಳಿದ್ದರು. ನಾನೂ ಕೈಮುಗಿದೆ.

"ಉತ್ತಮ ಕ್ಷಮಾ ಕಾಕಾ. ನನ್ನಿಂದನೂ ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಏನರ ತಪ್ಪಾಗಿದ್ರ. ಹಾಳೆಯ ಮೊದಲನೇ ಉತ್ತರವನ್ನೇ ನಾನು ಕಾಕಾಗೂ ಕೊಟ್ಟೆ. ಅವರು ನನ್ನ ತಲೆ ಮೇಲೆ ಕೈಯಿಟ್ಟರು. ಮಾಲಕರ ಮನೆಗೂ ಹೋಗಿ ಬಂದೆವು, ಊರಲ್ಲಿ ಇರಲಿಲ್ಲ, ಪುಣೆಗೆ ಹೋಗಿದ್ದಾರಂತೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡಿ, "ಇನ್ನೂ ಬೆಳಕ ಐತಿ. ಒಂದು ತುತ್ತು ನೀಡು, ನಿನ್ನ ಮನ್ಯಾಗ ಉಂಡು ಹೋಗೂಣು," ಅಂದರು. ಅವಸರದಲ್ಲಿ ಅನ್ನ, ತೊವ್ವೆ ಮಾಡಿ ಬಡಿಸಿದೆ. ಉಪ್ಪು ಕಡಿಮೆಯಾಗಿತ್ತು. ಕೇಳದೆ ಉಂಡರು.

ಅದಾಗಿ ಹನ್ನೆರಡನೇ ದಿನಕ್ಕೆ ಬಸದಿಯಿಂದ ಬಂದು ಪಡಸಾಲೆಯಲ್ಲಿ ಕೂತವರು ಹಾಗೆಯೇ ಗೋಡೆಗೆ ಒರಗಿದರು. ಡಾಕ್ಟರು ಹೃದಯ ನಿಂತಿದೆ ಎಂದರು. ಆ ಪೋಸ್ಟಿನಿಂದ ಹೋದರು ಎಂದು ನಾನು ಹೇಳುವುದಿಲ್ಲ. ಅವರ ಅಪ್ಪನೂ ಅದೇ ವಯಸ್ಸಿನಲ್ಲಿ ಹೀಗೇ ಹೋಗಿದ್ದರಂತೆ. ಆದರೆ ಕೆಲಸದಿಂದ ಹೊರಹಾಕಿಸಿಕೊಂಡ ಮನುಷ್ಯನಾಗಿ ಹೋದರು. ಸಂಸ್ಕಾರಕ್ಕೆ ಬಂದವರಲ್ಲಿ ಇಬ್ಬರು ಅದನ್ನೇ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಮೂರನೇ ದಿನ ಮಾಲಕರು ಬಂದರು. ಕಾಕುನ ಮುಂದೆ ಕೂತು ಕಣ್ಣೊರೆಸಿಕೊಂಡರು. ಹೊರಡುವಾಗ ನನ್ನನ್ನು ಬದಿಗೆ ಕರೆದು ಕೇಳಿದರು: "ನೇಮಣ್ಣ ಹೇಳದ ಕೇಳದ ಯಾಕ ಬಿಟ್ಟನವಾ? ನನ್ನ ಮ್ಯಾಲೆ ಏನರ ಸಿಟ್ಟಿತ್ತೇನು?"

ಆ ಪೋಸ್ಟನ್ನು ಅವರು ನೋಡಿಯೇ ಇರಲಿಲ್ಲ.

"ಗೊತ್ತಿಲ್ಲರಿ," ಅಂದೆ.

ದೀಪಾವಳಿಯ ನಂತರ ಕೆಲಸ ಬಿಟ್ಟೆ. ಅಲ್ಲಿಯವರೆಗೆ ಪ್ರತಿದಿನ ಆ ಪೇಜು ನನ್ನ ಕೈಯಲ್ಲೇ ಇತ್ತು. ಒತ್ತಿದರೆ ತೆಗೆಯಬಹುದಿತ್ತು, ತಿದ್ದಬಹುದಿತ್ತು. ಒಂದು ದಿನ 'ಅಳಿಸು' ಎನ್ನುವುದರವರೆಗೆ ಹೋಗಿ ಕೈ ಹಿಂದೆ ತೆಗೆದೆ. ಅಳಿಸಿದರೆ ಪ್ರಸಾದ್ ಸರ್ ಕೇಳುತ್ತಾರೆ ಎಂದು ಹೆದರಿದೆ. ಕಾಕಾ ಹೋದ ಮೇಲೂ ನಾನು ಹೆದರಿದ್ದು ಆ ಪ್ರಶ್ನೆಗೆ.

ಈ ವರ್ಷ ವಾರ್ನಿಶ್ ವಾಸನೆ ಬಂದ ದಿನ ಅದನ್ನು ಮೂಗಿನಲ್ಲಿ ಇಟ್ಟುಕೊಂಡೇ ಕಾಕುನ ಮನೆ ಸೇರಿದೆ. ಕಾಕು ಅಕ್ಕಿ ಹಸನು ಮಾಡುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಭುಜ ಗುರುತು ಸಿಕ್ಕಿದ್ದು, ಅಲ್ಲ ಎಂದಿದ್ದು, ನಾನೇ ಒತ್ತಿದ್ದು, ಬಸ್‌ಸ್ಟಾಪಿನ ಹತ್ತು ನಿಮಿಷ, ಶೇವಂತಾಬಾಯಿಯ ಸಂದೇಶ. ಕಾಕು ಮೊರದಲ್ಲಿ ಕೈಯಾಡಿಸುವುದು ನಿಲ್ಲಿಸಲಿಲ್ಲ. ನಾನು ಅತ್ತೆ. ಅವರು ಅಳಲಿಲ್ಲ.

ಮೊರದಲ್ಲಿದ್ದ ಅಕ್ಕಿಯೆಲ್ಲ ಹಸನಾದ ಮೇಲೆ ಅಂದರು: "ನನ್ನ ಮುಂದ ಅತ್ತರ ಏನಾಕ್ಕೈತಿ? ನಾನೇನ ಅದನ್ನ ನಂಬಿದ್ನೇನು? ನಂಬಿದ ಮಂದಿ ಓದಿದ್ದು ಅಲ್ಲಿ. ಎಲ್ಲಿ ಬರದೀಯೋ ಅಲ್ಲೇ ಬರಿ, ಹೋಗು."

ಎದ್ದು ನನಗೆ ಊಟಕ್ಕೆ ಬಡಿಸಿದರು. ತಾವು ನನ್ನ ಜೊತೆ ಕೂರಲಿಲ್ಲ.

ಅವರ ಪಡಸಾಲೆಯಲ್ಲೇ ಕೂತು ಬರೆದೆ. ಆ ಪೋಸ್ಟು ಅಲ್ಲೇ ಇತ್ತು. ಅದರ ಕೆಳಗೆ ನನ್ನ ಹೆಸರಿನಲ್ಲಿ: "ಈ ಫೋಟೋದಲ್ಲಿ ಇರುವವರು ನನ್ನ ಕಾಕಾ ನೇಮಣ್ಣ. ಕಂಪನಿ ಇವರನ್ನು ಕೆಲಸದಿಂದ ತೆಗೆದಿರಲಿಲ್ಲ. ಇವರು ಎರಡು ಸಲ ಹೋಗಿ ನೀರು ಅಡ್ಡಿಯಾಗಿ ಮರಳಿದ್ದರು, ಮೂರನೇ ಸಲ ನಡೆದುಹೋಗಿ ಪಂಪು ಸರಿಮಾಡಿದರು. ಮೇಲೆ ಬರೆದಿರುವುದು ಸುಳ್ಳು. ಬರೆದವಳು ನಾನು." ಒತ್ತಿದೆ. ಪರದೆಯ ಮೇಲೆ ಬಂತು. ಒಂದು ವರ್ಷದಲ್ಲಿ ಮೊದಲ ಸಲ ಆ ರಾತ್ರಿ ನಿದ್ದೆ ಹತ್ತಿತು.

ಎರಡು ದಿನ ಬಿಟ್ಟು ಜಾಂಬೋಟಿ ಬಸ್ಸು ಹಿಡಿದೆ. ಶೇವಂತಾಬಾಯಿಗೂ ನಾನು ಒಂದು ಉತ್ತರ ಕೊಡುವುದಿತ್ತು. ಮಳೆ ಹನಿಯುತ್ತಿತ್ತು. ಅವರ ಮನೆ ಹುಡುಕಿ ನಾನು ಯಾರೆಂದು ಹೇಳಿದಾಗ ಅವರು ಮೊದಲು ಕುಂದರ್ರಿ ಎನ್ನಲಿಲ್ಲ. ಬಾವಿಯ ಹತ್ತಿರ ಕರೆದೊಯ್ದು ಗುಂಡಿ ಒತ್ತಿದರು. ಪಂಪು ಸದ್ದಿಲ್ಲದೆ ಓಡಿತು.

"ಆವತ್ತಿಂದ ಒಂದು ದಿನಾನೂ ಕೆಟ್ಟಿಲ್ಲರಿ," ಅಂದರು. "ಭಲಾ ಮಾಣೂಸ. ಕೂಸಿನ ತೊಟ್ಟಿಲಕ್ಕ ಕೈಮುಗದು ಹೋದ. ನಾ ನಿಮಗ ಬರದಿದ್ನಿ. ನೀವು ಧನ್ಯವಾದ ಅಂದ್ರಿ."

ಅದಕ್ಕೇ ಬಂದಿದ್ದೇನೆ, ಈಗ ಎಲ್ಲ ಬರೆದಿದ್ದೇನೆ, ನೋಡಿ ಎಂದೆ. ಅವರು ಫೋನು ತಂದರು. ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ ರೇಂಜ್ ಸಿಗುತ್ತದೆ. ಒಂದೇ ಛತ್ರಿಯ ಕೆಳಗೆ ಇಬ್ಬರೂ ನಿಂತೆವು. ಪೇಜು ನಿಧಾನವಾಗಿ ತೆರೆಯಿತು. ಕಾಕಾನ ಬೆನ್ನು ಬಂತು. ಆರನೇ ಉತ್ತರ ಬಂತು. "ಇವ್ರು ನಮ್ಮ ನೇಮಣ್ಣ ಅಲ್ಲೇನ?" ಬಂತು. ಅದರ ಕೆಳಗೆ "ಹೌದು" ಬಂತು. ಅಲ್ಲಿಗೆ ಮುಗಿಯಿತು.

"ಎಲ್ಲೈತಿ?" ಎಂದು ಕೇಳಿದರು. ಮೇಲೆ ಕೆಳಗೆ ಸರಿಸಿ ಇನ್ನೊಮ್ಮೆ ನೋಡಿದರು. ನಾನು ನನ್ನ ಫೋನು ತೆಗೆದು ನೋಡಿದೆ. ಅದರಲ್ಲಿ ಇತ್ತು.

ನನ್ನ ಜಾಗದಲ್ಲಿ ಈಗ ಕೂತವರು ಯಾರೋ ಗೊತ್ತಿಲ್ಲ. ಅವರು ಹಾಳೆಯಲ್ಲಿ ಇದ್ದ ಹಾಗೆಯೇ ಮಾಡಿದ್ದಾರೆ: ಅಳಿಸಿಲ್ಲ, ಮರೆ ಮಾಡಿದ್ದಾರೆ. ಆಮೇಲೆ ಮತ್ತೆ ಎರಡು ಸಲ ಬರೆದೆ. ಮೂರೂ ನನ್ನ ಫೋನಿನಲ್ಲಿ ಇವೆ. ಶೇವಂತಾಬಾಯಿಯ ಫೋನಿನಲ್ಲಿ ಒಂದೂ ಇಲ್ಲ.